ಎಡಗೈ ಸಲಾಕೆ, ಬಲಗೈ ಸಲಾಕೆ

ಬೆಳಗಿನ ಮಂಜು ಇನ್ನೂ ಕರಗಿಲ್ಲ. ಹೊಲದ ಗೇಟಿನ ಬಳಿ ಹಳೆಯ ವ್ಯಾನಿನ ಹಿಂಬಾಗಿಲು ತೆರೆದು ಇನಿಡ್ ಥರ್ಕೆಟಲ್ ಕೂತಿದ್ದಾರೆ. ತೊಡೆಯ ಮೇಲೆ ಗೋಣಿತಾಟು. ಮೆಟಲ್ ಡಿಟೆಕ್ಟರ್ ಹಿಡಿದು ಹಳೆಯ ನಾಣ್ಯ ಹುಡುಕುವ ನಾರ್ಫೋಕ್‌ನ ಹವ್ಯಾಸಿಗಳು ತಮಗೆ ಬೇಡವಾದ ಕಬ್ಬಿಣವನ್ನು ಅವರ ಮುಂದೆ ಸುರಿದು ಹೋಗುತ್ತಾರೆ.

"ಈ ಸಲ ಈಟಿನೇ ಇನಿಡ್, ಅನುಮಾನವೇ ಬೇಡ," ಎನ್ನುತ್ತಾರೆ ನಿವೃತ್ತ ಬಸ್ ಚಾಲಕ ನೆವಿಲ್ ಬನ್.

"ಪ್ರತಿ ಭಾನುವಾರ ನಿಂಗೆ ಈಟಿನೇ ಸಿಗತ್ತಲ್ಲ ಮಾರಾಯ, ಯಾವ ಯುದ್ಧಕ್ಕೆ ಹೊರಟಿದೀಯ?"

ಇನಿಡ್ ಹೆಬ್ಬೆರಳಿನಿಂದ ಮಣ್ಣು ಜಾರಿಸುತ್ತಾರೆ. ತುದಿಯಲ್ಲಿ ಕೋಳಿಮೊಟ್ಟೆಯಂಥ ಉಬ್ಬು. ಅವರ ಕೈ ನಿಲ್ಲುತ್ತದೆ.

ಅದು ಬಿತ್ತನೆಯ ಸಲಾಕೆಯ ಮುರುಕು. ಹಿಂದೆ ಇಲ್ಲಿ ಗಂಡಸು ಎರಡು ಕೈಗೆ ಎರಡು ಸಲಾಕೆ ಹಿಡಿದು, ಹಿಂದುಹಿಂದಕ್ಕೆ ನಡೆಯುತ್ತ ನೆಲದಲ್ಲಿ ಕುಳಿ ಮಾಡುತ್ತಿದ್ದ. ಹೆಂಡತಿ ಮಕ್ಕಳು ಬಗ್ಗಿ ಕಾಳು ಹಾಕುತ್ತ ಬರುತ್ತಿದ್ದರು. ಮಣ್ಣು ಕುಸಿಯದಂತೆ ಸಲಾಕೆ ಎತ್ತುವಾಗ ಮಣಿಕಟ್ಟು ತುಸು ತಿರುವಬೇಕು. ಹಾಗಾಗಿ ಎರಡೂ ಒಂದೇ ಕಡೆ ಸವೆಯುವುದಿಲ್ಲ.

"ಇದು ಎಡಗೈದು. ಬಲಗೈದೂ ಇಲ್ಲೇ ಇರ್ಬೇಕು."

ಇನಿಡ್ ಕಮ್ಮಾರರ ಮಗಳು. ಕುಲುಮೆ ಆರಿದ ಮೇಲೆ ಶನಿವಾರದ ಸಂತೆಯಲ್ಲಿ ಕತ್ತರಿ, ಚಾಕುಗಳಿಗೆ ಸಾಣೆ ಹಿಡಿದು ಬದುಕಿದವರು. "ನಮ್ಮ ಮುತ್ತಜ್ಜ ಇಂಥ ಸಲಾಕೆ ಬಡೀತಿದ್ರಂತೆ. ಯುದ್ಧದ ಕಾಲದಲ್ಲಿ ಮನೇಲಿದ್ದ ಕಬ್ಬಿಣವೆಲ್ಲ ಗುಜರಿಗೆ ಹೋಯ್ತು. ನಾನು ಒಂದು ಜೊತೇನೂ ನೋಡಿಲ್ಲ." ಗುರುತು ಹಿಡಿದ ಉಪಕರಣಗಳನ್ನು ಅವರು ಊರಿನ ಸಭಾಭವನದ ಗೋಡೆಗೆ ತೂಗುಹಾಕುತ್ತಾರೆ. ತಪ್ಪುವುದೂ ಉಂಟು. ಬಾಗಿಲ ಕೀಲೊಂದು ಅಲ್ಲಿ ಎರಡು ವರ್ಷ ಕುಡುಗೋಲಾಗಿ ಮೆರೆದಿತ್ತು.

ಇವತ್ತು ಮಾತ್ರ ಸಮಯವಿಲ್ಲ. ಮಧ್ಯಾಹ್ನ ಈ ಹೊಲದಲ್ಲಿ ಬಿತ್ತನೆ. ಆಮೇಲೆ ಕೊಯ್ಲಿನವರೆಗೆ ಯಾರೂ ಕಾಲಿಡುವಂತಿಲ್ಲ. ಮೇಲೆದ್ದ ಕಬ್ಬಿಣ ಯಂತ್ರಕ್ಕೆ ಸಿಕ್ಕಿ ಪುಡಿಯಾಗುತ್ತದೆ.

"ಎಲ್ಲರೂ ಡಿಟೆಕ್ಟರ್‌ನಲ್ಲಿ ಕಬ್ಬಿಣದ ಸದ್ದು ಆನ್ ಮಾಡಿ," ಎನ್ನುತ್ತಾರೆ ಇನಿಡ್. ಬರೀ ನಾಣ್ಯ ಬೇಕಾದ ಹವ್ಯಾಸಿಗಳು ಆ ಸದ್ದನ್ನು ಸದಾ ಅಡಗಿಸಿಯೇ ಇಟ್ಟಿರುತ್ತಾರೆ; ಡಿಟೆಕ್ಟರ್ ಮೋಸಹೋದಾಗಷ್ಟೇ ಕಬ್ಬಿಣ ಅಗೆಯುತ್ತಾರೆ.

"ಹೊಲದ ತುಂಬ ಮೊಳೆ ತಾಯಿ, ಕಿವಿ ತೂತಾಗತ್ತೆ!"

"ನಿಮ್ಮ ಹೆಂಡ್ತೀರ ಮಾತು ಕೇಳ್ಸ್ಕೊಂಡೂ ಕಿವಿ ಉಳಿದಿದೆಯಲ್ಲ, ಇದಕ್ಕೇನಾಗತ್ತೆ?"

ಗೊಣಗುತ್ತಲೇ ಹುಡುಕುತ್ತಾರೆ. ಲಾಳ, ಮೊಳೆ, ಟ್ರ್ಯಾಕ್ಟರಿನ ಪಿನ್ನು. ಸಲಾಕೆ ಇಲ್ಲ. ಗೇಟಿನ ಬಳಿ ಬಿತ್ತನೆ ಯಂತ್ರ ಬಂದು ನಿಂತಾಗ ನೆವಿಲ್ ಟೋಪಿ ತೆಗೆದು ತಲೆ ಕೆರೆಯುತ್ತಾರೆ.

"ಇನಿಡ್, ಬೈಬೇಡ. ಬೆಳಿಗ್ಗೆ ಇನ್ನೊಂದು ಸಿಕ್ಕಿತ್ತು. ಒಲೆ ಕೆದಕೋ ಕಡ್ಡಿ ಅಂದ್ಕೊಂಡು ಬೇಲಿಗೆ ಎಸೆದೆ."

ಅದು ಇವರೆಲ್ಲರ ಅಭ್ಯಾಸ. ಇನಿಡ್‌ಗೆ ತೋರಿಸಲೂ ಯೋಗ್ಯವಲ್ಲ ಎನಿಸಿದ ಕಬ್ಬಿಣವನ್ನು ಮತ್ತೆ ಗುಂಡಿಗೆ ಹಾಕಿದರೆ ಇನ್ನೊಬ್ಬ ಅಗೆಯುತ್ತಾನೆ ಎಂದು ಬೇಲಿಯ ಬುಡಕ್ಕೆ ಎಸೆಯುತ್ತಾರೆ.

ಇನಿಡ್ ಬೈಯುವುದಿಲ್ಲ. ಮುಳ್ಳುಬೇಲಿಯೊಳಗೆ ಸೊಂಟದವರೆಗೆ ನುಗ್ಗುತ್ತಾರೆ. ಹೊರಬಂದಾಗ ಕೆನ್ನೆಯಲ್ಲಿ ಗೀರು, ಕೈಯಲ್ಲಿ ಕಬ್ಬಿಣ. ಬೆರಳಾಡಿಸುತ್ತಾರೆ. ಇದರ ಸವೆತ ಮೊದಲಿನದಕ್ಕೆ ಎದುರು ಕಡೆ. ಬಲಗೈದೇ.

ಎರಡನ್ನೂ ಎರಡು ಕೈಗೆ ಹಿಡಿದು, ಮಣಿಕಟ್ಟು ತುಸು ತಿರುವಿ, ಮೂರು ಹೆಜ್ಜೆ ಹಿಂದಕ್ಕೆ ನಡೆಯುತ್ತಾರೆ. ಯಾರೂ ನಗುವುದಿಲ್ಲ.

"ಸಭಾಭವನದ ಗೋಡೆಗೆ ಮೊಳೆ ನಾನೇ ಹೊಡೀತೀನಿ. ಎಲ್ಲಿ ಬೇಕು ಹೇಳು," ಎನ್ನುತ್ತಾರೆ ನೆವಿಲ್.

"ಎಲ್ಲಾದ್ರೂ ಹೊಡಿ. ಒಂದೇ ಹೊಡಿ. ಒಟ್ಟಿಗೆ ದುಡಿದವು, ಒಟ್ಟಿಗೇ ಇರ್ಲಿ."