ಬಾಣಂತಿ ಖೋಲಿಯ ಸಮುದ್ರ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ. ಬಿಎಸ್ಸಿ, ಅದರಲ್ಲೂ ಪ್ರಾಣಿಶಾಸ್ತ್ರ. ಕೆಮಿಸ್ಟ್ರಿ ಮಾತ್ರ ಎರಡನೇ ಸಲಕ್ಕೆ ಪಾಸಾಯಿತು. ಅದನ್ನು ನಾನು ಮುಚ್ಚಿಡುವುದಿಲ್ಲ, ಯಾಕಂದರೆ ಹಗಲೆಲ್ಲ ತೊಗರಿ ಹೊಲದಲ್ಲಿ ದುಡಿದು ಓದಿದ ಪಾಸು ಅದು. ಈಗ ಜೇವರ್ಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆಯ ಹಿಂದಿನ ಖೋಲಿಯಲ್ಲಿ ಗಾಜಿನ ತೊಟ್ಟಿ ಇಟ್ಟು ಸಮುದ್ರದ ಮೀನು ಸಾಕಿದ್ದೇನೆ. ನಮ್ಮ ಮನೆಯಲ್ಲಿ ಸಮುದ್ರ ನೋಡಿದವರು ಯಾರೂ ಇಲ್ಲ. ನಾನೂ ನೋಡಿಲ್ಲ.

ಲಿಂಗಾಯತರ ಮನೆಗೆ ಮೀನು ಬಂತೆಂದು ಓಣಿಯಲ್ಲಿ ಗುಸುಗುಸು ಆಯಿತು. ಅವ್ವ ಮೂರು ದಿನ ಆ ಖೋಲಿಯ ಕಡೆ ಹಾಯಲಿಲ್ಲ. ನಾಲ್ಕನೇ ದಿನ ಬಾಗಿಲಲ್ಲಿ ನಿಂತು ನೋಡಿದಳು. ಕ್ಲೌನ್ ಮೀನಿನ ಕೇಸರಿ ಮೈಮೇಲೆ ಮೂರು ಬಿಳಿ ಪಟ್ಟಿ ಇರುತ್ತವೆ.

"ಇವು ವಿಭೂತಿ ಹಚ್ಕೊಂಡಾವಲ್ಲೋ," ಅಂದಳು.

ಅವತ್ತಿನಿಂದ ಅವು ನಮ್ಮ ಪೈಕಿ ಆದವು. ಏನು ತಿನ್ನುತ್ತವೆ ಎಂದು ಕೇಳಿದಾಗ ನಾನು ಸೀಗಡಿಯ ಹೆಸರೆತ್ತದೆ, "ಹಿಟ್ಟು" ಅಂದೆ.

ಸಾಕುವುದು ಬೇರೆ, ಮರಿ ಉಳಿಸುವುದು ಬೇರೆ. ನನ್ನ ಜೋಡಿ ತೊಟ್ಟಿಯೊಳಗಿನ ಹೆಂಚಿನ ಚೂರಿಗೆ ತತ್ತಿ ಅಂಟಿಸುತ್ತಿತ್ತು. ವಾರಕ್ಕೆ ತತ್ತಿ ಒಡೆದು ಕೂದಲೆಳೆಯಂಥ ಮರಿಗಳು ಹೊರಬರುತ್ತಿದ್ದವು. ನಾಲ್ಕನೇ ದಿನ ಎಲ್ಲ ಸಾಯುತ್ತಿದ್ದವು. ಮೂರು ಸಲ ಹೀಗೇ ಆಯಿತು. ಹುಟ್ಟಿದ ದಿನದಿಂದಲೇ ಆ ಮರಿಗಳಿಗೆ ಧೂಳಿನ ಕಣದಷ್ಟು ಸಣ್ಣ ಜೀವಂತ ಹುಳ ಬೇಕು, ಮತ್ತು ಹೊಟ್ಟೆ ತುಂಬ ಬೇಕು. ರೋಟಿಫರ್ ಅಂತ ಅದರ ಹೆಸರು. ಹಸಿರು ಪಾಚಿಯ ಉಪ್ಪುನೀರಿನಲ್ಲಿ ಅದನ್ನು ಮೊದಲೇ ಬೆಳೆಸಿಟ್ಟುಕೊಳ್ಳಬೇಕು. ಆ ಮೂರು ಸಲವೂ ಒಂದೇ ಬರಣಿಯಲ್ಲಿ ಬೆಳೆಸಿ ಚಮಚದಲ್ಲಿ ಹಾಕಿದ್ದೆ. ಈ ಸಲ ಹೈದರಾಬಾದಿನಿಂದ ಕೊರಿಯರಿನಲ್ಲಿ ಹೊಸ ಬಾಟಲಿ ತರಿಸಿ, ಐದು ಬರಣಿಗಳಲ್ಲಿ ಬೆಳೆಸತೊಡಗಿದೆ.

ಅಷ್ಟರಲ್ಲಿ ಹವಳಗಾಕ್ಕೆ ಕೊಟ್ಟ ತಂಗಿಗೆ ಏಳು ತಿಂಗಳು ತುಂಬಿತು. ಕುಬಸ, ಅಂದರೆ ಸೀಮಂತ, ಮಾಡಿ, ಹದಿನೈದು ದಿನ ಬಿಟ್ಟು ಚೊಚ್ಚಲ ಬಾಣಂತನಕ್ಕೆ ಕರೆತರುವುದು ಎಂದಾಯಿತು. ಗಾಳಿ ಬೀಸದ ಬೆಚ್ಚನೆಯ ಖೋಲಿ ಮನೆಯಲ್ಲಿ ಇರುವುದು ಒಂದೇ.

"ತೊಟ್ಟಿ ತಗಿ," ಅಂದಳು ಅವ್ವ.

"ಎಲ್ಲಿಡ್ಲಿ ಯವ್ವಾ? ಪಡಸಾಲ್ಯಾಗ ಬಿಸಲು ಹೊಡೀತದ. ನೀರು ಕಾದು ಸಾಯ್ತಾವ."

"ಹಂಗಾರ ಮಾರು. ಅವು ಮೂರು ಸಲ ಹಡದ್ರೂ ಒಂದೂ ಉಳಸ್ಕೊಂಡಿಲ್ಲ ನೀ. ಅದೇನು ಡಿಗ್ರಿ ಓದಿಯೋ."

ಮೀನಿಗೆ ಏನಂದಿದ್ದರೂ ಸಹಿಸುತ್ತಿದ್ದೆ. "ಈ ಸಲ ಉಳಸ್ತೇನಿ," ಅಂದೆ.

"ಉಳಸು, ನೋಡೋಣು. ಸಣ್ಣ ಮರಿ ಇದ್ದುವಂದ್ರ ನಾ ಎಬ್ಸಂಗಿಲ್ಲ. ಇಲ್ಲಂದ್ರ ತಂಗಿ ಬರೋದ್ರಾಗ ನೀನ ಎಬ್ಬಿಸ್ಬೇಕು."

ಕುಬಸದ ಹಿಂದಿನ ದಿನ ತತ್ತಿಗಳೊಳಗೆ ಬೆಳ್ಳಿ ಕಣ್ಣು ಹೊಳೆಯುತ್ತಿದ್ದವು. ಸಂಜೆ ಕತ್ತಲಾದರೆ ಒಡೆಯುತ್ತವೆ ಎಂದು ಗೊತ್ತಿತ್ತು. ಶಾಲೆ ಬಿಟ್ಟು ಓಡೋಡಿ ಬಂದೆ. ನನ್ನ ಐದು ಬರಣಿಗಳು ಅಡುಗೆಮನೆಯಲ್ಲಿದ್ದವು. ರೊಟ್ಟಿಗೆ ಹಚ್ಚಿಕೊಳ್ಳುವ ಪುಡಿ ತುಂಬಿತ್ತು: ಮೂರರಲ್ಲಿ ಶೇಂಗಾ ಹಿಂಡಿ, ಎರಡರಲ್ಲಿ ಅಗಸಿ ಹಿಂಡಿ.

"ಇದರಾಗಿನ ನೀರು ಎಲ್ಲದ?"

"ಹಸರು ಹಸರಾಗಿ ನಾರಾಕತ್ತಿತ್ತು. ನಾಳಿ ಹವಳಗಾಕ್ಕ ಬುತ್ತಿ ಒಯ್ಯಾಕ ಬರಣಿ ಬೇಕಿದ್ದುವು. ನನ್ನ ಬರಣಿ ಅವು."

"ಅದರಾಗ ಹುಳ ಇದ್ದುವು ಯವ್ವಾ."

"ಅದಕ್ಕ ನಾಕು ಸಲ ತಿಕ್ಕೇನಿ."

ನಾನು ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದೆ. ಇನ್ನೊಂದು ತಾಸಿಗೆ ನೂರಾರು ಮರಿ ಹುಟ್ಟುತ್ತವೆ, ಊಟವಿಲ್ಲ. ಹೈದರಾಬಾದಿನಿಂದ ಬರಲು ಮೂರು ದಿನ. ಸುಮ್ಮನೆ ಸಂಕಟಕ್ಕೆ ಕೇಳಿದೆ: "ಯಾವ ಮೋರಿಗಿ ಚೆಲ್ಲಿದಿ?"

ಅವ್ವನಿಗೆ ಸಿಟ್ಟು ಬಂತು. "ಮೋರಿಗ್ಯಾಕ ಚೆಲ್ಲಲಿ? ಉಪ್ಪಿನ ನೀರು ಅದು. ಮಂದಿ ತುಳಿಯೋ ಜಾಗದಾಗ ಉಪ್ಪು ಚೆಲ್ತಾರೇನು? ಇಷ್ಟು ಓದಿ ಇದೂ ತಿಳಿಯಂಗಿಲ್ಲ ನಿನಗ. ಬಕೇಟಿನ್ಯಾಗ ಮುಚ್ಚಿಟ್ಟೇನಿ. ನಾಳಿ ಹೋಗುಮುಂದ ಭೀಮಾ ಹೊಳಿಗಿ ಬಿಡ್ತೇನಿ."

ಬಚ್ಚಲ ಹಿಂದೆ ಬಕೇಟು ಇತ್ತು. ಮೇಲೆ ತಾಟು, ತಾಟಿನ ಮೇಲೆ ಕಲ್ಲು. ಒಂದು ಗ್ಲಾಸು ಮೊಗೆದು ಬೆಳಕಿಗೆ ಹಿಡಿದೆ. ಬಿಳಿ ಧೂಳಿನಂಥದ್ದು ತನ್ನಷ್ಟಕ್ಕೆ ತಾನು ಅಲ್ಲಿಂದಿಲ್ಲಿಗೆ ಓಡಾಡುತ್ತಿತ್ತು. ಹುಳ ಬದುಕಿದ್ದವು. ಐದು ಬರಣಿಯ ಹುಳ ಒಂದೇ ಕಡೆ ಸೇರಿ ಜಾತ್ರೆಯಂತೆ ಕಿಕ್ಕಿರಿದಿದ್ದವು. ಅಷ್ಟು ದಟ್ಟವಾಗಿ ನಾನು ಹಿಂದೆಂದೂ ಉಣಿಸಿರಲಿಲ್ಲ. ಮೂರು ಸಲ ಮರಿ ಸತ್ತದ್ದು ನನ್ನ ಜಿಪುಣ ಕೈಯಿಂದ ಎಂದು ಆಗ ಹೊಳೆಯಿತು.

ಮರುದಿನ ಮರಿಗಳಿಗೆ ಹುಳ ಹಾಕಿ ಕುಬಸಕ್ಕೆ ಹೋದೆ. ಅಲ್ಲಿಯ ಎಲ್ಲ ಫೋಟೋದಲ್ಲೂ ನಾನು ಗಡಿಯಾರ ನೋಡುತ್ತಿದ್ದೇನೆ. ನಾಲ್ಕನೇ ದಿನ ದಾಟಿತು. ಹನ್ನೊಂದನೇ ದಿನ ಮೊದಲ ಪಟ್ಟಿ ಮೂಡಿತು. ಉಳಿದದ್ದು ಹದಿನೇಳು. ಅವ್ವ ಬೆರಳಿಟ್ಟು ಎಣಿಸಿ ಒಮ್ಮೆ ಹದಿನೈದು, ಒಮ್ಮೆ ಇಪ್ಪತ್ತು ಅಂದಳು. "ಇರ್ಲಿ ಬಿಡು, ಎಬ್ಬಿಸಬ್ಯಾಡ," ಅಂದು ಎದ್ದಳು.

ಅವ್ವನ ಅಳಿಯ ತಂಗಿಯನ್ನು ಕರೆತಂದಾಗ ಜೋಡಿ ಮತ್ತೆ ತತ್ತಿಯಿಟ್ಟಿತ್ತು. ಒಂದು ಮೀನು ರೆಕ್ಕೆ ಬಡಿದು ಬಡಿದು ತತ್ತಿಗೆ ಗಾಳಿ ಹಾಕುತ್ತಿತ್ತು.

"ಪಾಪ, ತಾಯಿ," ಅಂದಳು ತಂಗಿ.

"ತಾಯಿ ಅಲ್ಲಿ ಮೂಲ್ಯಾಗ ಕುಂತದ. ಇದು ತಂದಿ. ಒಡಿಯೋ ತನಾ ಇದರದೇ ಡ್ಯೂಟಿ," ಅಂದೆ ನಾನು.

ತಂಗಿ ಗಂಡನ ಕಡೆ ತಿರುಗಿದಳು. "ನೋಡಿದ್ರಿ?"

"ನೋಡೇನಿ," ಅಂದ ಅಳಿಯ. "ನಮ್ಮ ಮನ್ಯಾಗ ಫ್ಯಾನ್ ಅದ."

ತೊಟ್ಟಿಯ ಪಕ್ಕದಲ್ಲೇ ತಂಗಿಯ ಮಂಚ ಬಿತ್ತು. ಪಂಪಿನ ಗುಳುಗುಳು ಸದ್ದಿಗೆ ಚೆನ್ನಾಗಿ ನಿದ್ದೆ ಬರುತ್ತದೆ ಅಂದಳು. ಗೆದ್ದೆ ಅಂದುಕೊಂಡೆ. ಎರಡು ತಿಂಗಳಿಗೆ ಹೆಣ್ಣುಕೂಸು ಹುಟ್ಟಿತು. ಅವ್ವ ಬಾಗಿಲಿಗೆ ಪರದೆಯಂತೆ ಕೌದಿ ಕಟ್ಟಿದಳು. ಬಾಣಂತಿ ಖೋಲಿಗೆ ಗಂಡಸರು ಹೋಗುವ ಹಾಗಿಲ್ಲ, ಡಿಗ್ರಿ ಇದ್ದವರೂ ಹೋಗುವ ಹಾಗಿಲ್ಲ. ಈಗ ತೊಟ್ಟಿ ನೋಡಿಕೊಳ್ಳುವವಳು ಅವ್ವ, ಅವಳಿಗೆ ಓದು ಬರಹ ಬಾರದು. ಉಪ್ಪು ಅಳೆಯುವ ಕೊಳವೆಗೆ ಅವಳು ದುರ್ಬೀನು ಅನ್ನುತ್ತಾಳೆ. ಅದರೊಳಗೆ ನೀಲಿ ಬಣ್ಣ ಮುಗಿಯುವ ಗೆರೆ ಮೇಲೇರಿದರೆ ನೀರಿಗೆ ಉಪ್ಪು ಹೆಚ್ಚಾಗಿದೆ ಎಂದರ್ಥ. ದಿನಾ ಬೆಳಿಗ್ಗೆ ಕೌದಿಯ ಈಚೆ ನಿಂತು ನಾನು ಪಾಠ ಮಾಡುತ್ತೇನೆ.

"ದುರ್ಬೀನು ಬೆಳಕಿಗಿ ಹಿಡಿ. ನೀಲಿ ಎಲ್ಲಿ ಮುಗಿದದ?"

"ನಿನ್ನಿಕಿಂತ ಎರಡು ಗೆರಿ ಮ್ಯಾಲ."

"ಹಂಗಾರ ಒಂದು ತಂಬಗಿ ಸಿಹಿನೀರು ಹಾಕು."

"ಒಂದೂವರಿ ಹಾಕೇನಿ ಆಗಳೇ. ಮೆಲ್ಲಕ ಮಾತಾಡು, ಮಕ್ಕಳು ಮಲಗ್ಯಾವ."