ನಾಲ್ಕನೇ ಸಲ

ನಮ್ಮ ದೊಡ್ಡಮ್ಮನದು ಕಿವಿಯ ಕೆಲಸ. ವಿಚಾರಣೆಗಳಲ್ಲಿ ಜನ ಆಡಿದ ಮಾತನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪ್ ಮಾಡುವುದು. ಏನೆಂದರು ಎಂಬುದಷ್ಟೇ ಸಾಲದು, ಹೇಗೆಂದರು ಎಂಬುದನ್ನೂ ಇಂಗ್ಲಿಷಿನ ಒಂದೇ ಪದದಲ್ಲಿ ಕಂಸದೊಳಗೆ ಹಾಕಬೇಕು. ಪಿಸುಗುಟ್ಟಿದರೆ ವಿಸ್ಪರ್, ತೊದಲಿದರೆ ಸ್ಟ್ಯಾಮರ್, ಬಾಯೊಳಗೇ ಗೊಣಗಿದರೆ ಮಂಬಲ್. ಮೂರು ಸಲ ಹಿಂದಕ್ಕೆ ತಿರುಗಿಸಿ ಕೇಳಿದರೂ ತಿಳಿಯದಿದ್ದರೆ ‘ಇನ್‌ಆಡಿಬಲ್’ ಎಂದು ಹಾಕಿ ಮುಂದೆ ಹೋಗಬೇಕು. ಅದು ಆಫೀಸಿನ ನಿಯಮ. ನನ್ನನ್ನು ಅಲ್ಲಿಗೆ ಸೇರಿಸಿ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡವಳೂ ಅವಳೇ.

ಇಂಥವಳಿಗೆ ಗಂಟುಬಿದ್ದವರು ದೊಡ್ಡಪ್ಪ. ಮಾರುಕಟ್ಟೆಯಲ್ಲಿ ತರಕಾರಿ ಹರಾಜು ಕೂಗುವವರು. ಮೆಲ್ಲಗೆ ಮಾತಾಡುವುದು ಆ ಮನುಷ್ಯನ ಜಾತಕದಲ್ಲೇ ಬರೆದಿರಲಿಲ್ಲ. ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡಬೇಕು, ಅಂಥ ಗಂಟಲು. ದಿನವಿಡೀ ಕೇಳಿ ಕೇಳಿ ಸೋತು ಬಂದ ದೊಡ್ಡಮ್ಮ ಚಪ್ಪಲಿ ಬಿಡುವ ಮೊದಲೇ ಗದರುತ್ತಿದ್ದಳು.

“ರೀ, ಇದು ಶೌಟು. ಸ್ವಲ್ಪ ವಿಸ್ಪರಿಗೆ ಇಳೀರಿ.”

“ನನಗೂ ಕಂಸ ಹಾಕ್ತೀಯೇನೆ?” ಎಂದು ಅವರು ಇನ್ನೂ ಜೋರಾಗಿ ನಗುತ್ತಿದ್ದರು. ಮಕ್ಕಳಿಲ್ಲದ ಆ ಮನೆ ಅವರೊಬ್ಬರ ಗದ್ದಲದಿಂದಲೇ ತುಂಬಿತ್ತು.

ಒಂದು ಬೆಳಿಗ್ಗೆ ಹರಾಜಿನ ನಡುವೆಯೇ ಕುಸಿದುಬಿದ್ದರು. ಲಕ್ವ. ಬಲಗೈ, ಬಲಗಾಲಿನ ಜೊತೆ ನಾಲಿಗೆಯೂ ಹೊರಳದಾಯಿತು. ನೋಡಲು ಬಂದವರು ದೊಡ್ಡಪ್ಪ ಹೇಳಿದ್ದು ತಿಳಿಯದಿದ್ದರೂ ಹೂಂಗುಟ್ಟಿ, ಹಣ್ಣು ಇಟ್ಟು ಎದ್ದುಹೋಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ದೊಡ್ಡಮ್ಮನೊಬ್ಬಳಿಗೆ ಮಾತ್ರ ಆ ಗೊಣಗು ಮಾತಾಗಿತ್ತು. ಡಾಕ್ಟರು “ಏನಂತಾರೆ?” ಎಂದರೆ, “ನಿಮ್ಮ ಕೈ ತಣ್ಣಗಿದೆ, ಉಜ್ಜಿಕೊಂಡು ಮುಟ್ಟಿ ಅಂತಾರೆ” ಎನ್ನುತ್ತಿದ್ದಳು. ದೊಡ್ಡಪ್ಪ ಅರ್ಧ ಬಾಯಲ್ಲಿ ನಗುತ್ತಿದ್ದರು. “ಇವತ್ತು ಮಂಬಲ್ ಅಲ್ಲ ರೀ, ಸ್ಟ್ಯಾಮರು. ಪಾಸಾದ್ರಿ” ಎಂದು ಅವಳು ಬೆನ್ನು ತಟ್ಟುತ್ತಿದ್ದಳು.

ಹಾಗೇ ಒಂದು ವರ್ಷ ನಡೆದು, ದೊಡ್ಡಪ್ಪ ಹೋದರು.

ದೊಡ್ಡಮ್ಮ ಕೆಲಸಕ್ಕೆ ಮರಳಿದಳು, ಆದರೆ ಕೆಲಸ ಮುಂದೆ ಸಾಗಲಿಲ್ಲ. ಯಾರದೋ ಅಸ್ಪಷ್ಟ ಮಾತು ಸಿಕ್ಕರೆ ಹತ್ತು ಸಲ, ಇಪ್ಪತ್ತು ಸಲ ಕೇಳುತ್ತ ಕೂರುವಳು. ಇನ್‌ಆಡಿಬಲ್ ಎಂದು ಹಾಕಲು ಕೈಯೇ ಬಾರದು. ಮ್ಯಾನೇಜರು ಒಂದೆರಡು ಸಲ ಮೆತ್ತಗೆ ಹೇಳಿ, ಆಮೇಲೆ ಎಲ್ಲರೆದುರು ಬೈದರು. ಹೀಗಾದರೆ ಕೆಲಸಕ್ಕೇ ಸಂಚಕಾರ ಎಂದು ನಾನು ಅವಳ ಹೆಡ್‌ಫೋನು ಕಿತ್ತುಕೊಂಡೆ.

“ದೊಡ್ಡಮ್ಮ, ಮೂರು ಸಲ ಆಯ್ತಲ್ಲ, ಬಿಡು. ಆ ಪದ ಹಾಕಿ ಮುಂದೆ ಹೋಗು.”

“ಮನೇಲೂ ಹಂಗೇ ಮಾಡ್ಬಿಟ್ಟೆ ಕಣೆ” ಎಂದಳು.

ನಾನು ಕುರ್ಚಿಯನ್ನು ಅವಳತ್ತ ಎಳೆದುಕೊಂಡೆ.

“ಕೊನೇ ದಿನ ಸಂಜೆ ಏನೋ ಅಂದ್ರು. ತಿಳೀಲಿಲ್ಲ. ಇನ್ನೊಂದ್ಸಲ ಹೇಳಿ ಅಂದೆ. ಮೂರು ಸಲ ಹೇಳಿದ್ರು, ಪಾಪ, ಹಣೆ ಎಲ್ಲಾ ಬೆವರು. ನಾಲ್ಕನೇ ಸಲಕ್ಕೆ ಬಾಯಿ ತೆಗೆದ್ರು. ಒಲೆ ಮೇಲೆ ಹಾಲಿತ್ತು. ‘ಆಯ್ತು, ಗೊತ್ತಾಯ್ತು ಬಿಡಿ’ ಅಂದ್ಬಿಟ್ಟೆ.”

ಅವಳು ನನ್ನ ಕೈಯಿಂದ ಹೆಡ್‌ಫೋನು ವಾಪಸು ತೆಗೆದುಕೊಂಡಳು.

“ಅವ್ರು ನಂಬಿಬಿಟ್ರು ಕಣೆ. ನಾನು ಸುಳ್ಳು ಹೇಳ್ತೀನಿ ಅಂತ ಅವ್ರಿಗೇನು ಗೊತ್ತು? ನೆಮ್ಮದಿಯಾಗಿ ಕಣ್ಣು ಮುಚ್ಕೊಂಡ್ರು.”