ಅಣ್ಣ ಹಿಂದೆ ಬರ್ತಿದ್ದಾನೆ

ಅಣ್ಣನ ಮನೆಯ ಹಾಲ್‌ನಲ್ಲಿ ಒಂದು ಫೋಟೋ ಇತ್ತು. ಹಂಪಿಯ ಬಂಡೆಗಳ ಮುಂದೆ ಆರು ಜನ ಹುಡುಗರು, ಆರು ಸೈಕಲ್ಲು. ಎಡದಿಂದ ಎರಡನೆಯವನು ಅಣ್ಣ. ಅವನು ನಿಂತಿರುವ ಜಾಗ ನನ್ನದು. ಇಷ್ಟು ಬರೆಯುವಷ್ಟರಲ್ಲೇ ಕಿವಿ ಬಿಸಿಯಾಗುತ್ತಿದೆ. ಎಪ್ಪತ್ತು ದಾಟಿದವಳು ನಾನು, ಬಿಪಿ ಮಾತ್ರೆ ನುಂಗಿಯೇ ಬರೆಯಲು ಕೂತಿದ್ದೇನೆ. ಕ್ಷಮಿಸುವುದು ಹೇಗೆಂದು ಕಾನ್ವೆಂಟಿನ ಸಿಸ್ಟರ್‌ಗಳು ಹತ್ತು ವರ್ಷ ಕಲಿಸಿದರು. ಮಾರಲ್ ಸೈನ್ಸ್‌ನಲ್ಲಿ ನಾನೇ ಫಸ್ಟ್. ಮಾರ್ಕ್ಸ್ ಬಂತು, ಕ್ಷಮೆ ಬರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾವಿದ್ದದ್ದು ಜಯನಗರದಲ್ಲಿ. ನಮ್ಮ ರಸ್ತೆಯಲ್ಲಿ ಕಾರು ಬಂದರೆ ಮನೆಮನೆಯವರೂ ಗೇಟಿಗೆ ಬಂದು ನೋಡುತ್ತಿದ್ದರು, ಯಾರ ಮನೆಗೆ ಅಂತ. ನನಗೆ ಇಪ್ಪತ್ತು, ಬಿ.ಎ. ಕೊನೆಯ ವರ್ಷ, ಅಣ್ಣನಿಗೆ ಇಪ್ಪತ್ಮೂರು, ಆಗಷ್ಟೇ ಕೆಲಸಕ್ಕೆ ಸೇರಿದ್ದ. ಇಬ್ಬರಿಗೂ ಒಂದೊಂದು ಸೈಕಲ್ ಇತ್ತು. ನನ್ನದು ಅಪ್ಪನ ಹಳೆಯ ಸೈಕಲ್, ಬಾರ್ ಇರುವ ಜೆಂಟ್ಸ್ ಸೈಕಲ್. ಬೆಲ್‌ಬಾಟಮ್ ಚೈನಿಗೆ ಸಿಕ್ಕದ ಹಾಗೆ ಕಾಲಿಗೆ ರಬ್ಬರ್ ಬ್ಯಾಂಡ್ ಬಿಗಿದು ಅದರ ಮೇಲೆ ಹತ್ತುತ್ತಿದ್ದೆ. ಎದುರುಮನೆಯ ಮಾಮಿ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಏನೇ ಇದು, ಸರ್ಕಸ್ ಕಂಪನಿ ಸೇರ್ಕೊಂಡ್ಯಾ?"

ಬಡಾವಣೆಯ ಅಂಕಲ್‌ ಒಬ್ಬರು ಸೈಕಲ್ ಕ್ಲಬ್ ನಡೆಸುತ್ತಿದ್ದರು. ರಿಟೈರ್ಡ್ ಇಂಜಿನಿಯರ್. ಬೇಸಿಗೆ ಇರಲಿ ಚಳಿ ಇರಲಿ, ಟೈ ಕಟ್ಟಿಯೇ ಸೈಕಲ್ ಹೊಡೆಯುವ ಮನುಷ್ಯ. ಆ ವರ್ಷ ಡಿಸೆಂಬರ್ ರಜೆಯಲ್ಲಿ ಹಂಪಿಗೆ ಹೋಗುವ ತಂಡ ಕಟ್ಟಿದರು. ಆರೇ ಜಾಗ, ಒಂದು ಮನೆಗೆ ಒಂದೇ. ಸೇರಬೇಕೆಂದರೆ ಅದಕ್ಕೊಂದು ಟ್ರಯಲ್: ನವೆಂಬರ್‌ನ ಯಾವುದಾದರೂ ಭಾನುವಾರ ಸಾವನದುರ್ಗದ ಕೋಟೆಯ ಬುಡದವರೆಗೆ ಹೋಗಿ, ಸಂಜೆಯೊಳಗೆ ವಾಪಸ್ಸು. ಸಾಕ್ಷಿಗೆ ಒಂದು ಕಾರ್ಡ್. ರಾಮೋಹಳ್ಳಿಯ ಟೀ ಅಂಗಡಿಯಲ್ಲೊಂದು ಸಹಿ, ಕೋಟೆಯ ಕೆಳಗಿನ ಹಳ್ಳಿಯ ಪೋಸ್ಟ್‌ಮಾಸ್ಟರ್ ಹತ್ತಿರ ಇನ್ನೊಂದು ಸಹಿ. ಕಾರ್ಡೂ ಮನೆಗೊಂದೇ. ನಮ್ಮ ಕಾರ್ಡಿನ ಮೇಲೆ ಅಣ್ಣನ ಹೆಸರು ಬರೆದು, ಕೆಳಗೆ "ಮತ್ತು ತಂಗಿ" ಎಂದು ಸೇರಿಸಿದರು.

"ಅಂಕಲ್, ಅವನಿಗಾಗದೆ ನನಗೆ ಮುಗಿಸೋಕಾದ್ರೆ?" ಎಂದು ಕೇಳಿದೆ.

"ಮುಗಿಸಿದವರಿಗೆ ಸೀಟು, ಮೈ ಡಿಯರ್. ರೂಲ್ ಈಸ್ ರೂಲ್" ಎಂದರು ಟೈ ಸರಿಮಾಡಿಕೊಳ್ಳುತ್ತಾ.

ಈ ಮಾತು ಅವರು ಆಡಿದರು. ಅಣ್ಣನೂ ಕೇಳಿಸಿಕೊಂಡ. ನೆನಪಿರಲಿ.

ಅಮ್ಮ ಒಪ್ಪಿದ್ದು ಅಣ್ಣ ಜೊತೆಗಿರುತ್ತಾನೆ ಎಂಬ ಒಂದೇ ಕಾರಣಕ್ಕೆ. ಹೊರಡುವಾಗ ಚಿತ್ರಾನ್ನದ ಡಬ್ಬಿ ಕ್ಯಾರಿಯರ್‌ಗೆ ಕಟ್ಟುತ್ತಾ ಹೇಳಿದಳು: "ದಾರೀಲಿ ಯಾರಾದ್ರೂ ಕೇಳಿದ್ರೆ, ಅಣ್ಣ ಹಿಂದೆ ಬರ್ತಿದ್ದಾನೆ ಅನ್ನು. ಒಬ್ಳೇ ಇದೀನಿ ಅಂತ ಮಾತ್ರ ಯಾರ ಹತ್ರಾನೂ ಬಾಯಿ ಬಿಡ್ಬೇಡ." ಹೊಸ ಮಾತೇನಲ್ಲ. ಆ ಕಾಲದ ನಮ್ಮಂಥ ಮನೆಗಳ ಹೆಣ್ಣುಮಕ್ಕಳಿಗೆ ಕೊಡೆಯಂತೆ ಈ ವಾಕ್ಯವನ್ನೂ ಕೈಗೆ ಕೊಟ್ಟೇ ಕಳಿಸುತ್ತಿದ್ದರು. ಬಸ್‌ಸ್ಟಾಪಿನಲ್ಲಿ, ಲೈಬ್ರರಿಯಲ್ಲಿ, ಲಾಲ್‌ಬಾಗಿನಲ್ಲಿ, ಇಲ್ಲದ ಅಣ್ಣಂದಿರು ಬೆಂಗಳೂರಿನ ತುಂಬ ಹಿಂದೆ ಬರುತ್ತಲೇ ಇದ್ದರು.

ಬೆಳಕು ಹರಿಯುವ ಹೊತ್ತಿಗೆ ಬನಶಂಕರಿ ಗುಡಿ ದಾಟಿದೆವು. ಆಮೇಲೆ ಊರೇ ಇಲ್ಲ. ಉತ್ತರಹಳ್ಳಿಯಿಂದ ಕೆಂಗೇರಿಯವರೆಗೆ ಜಲ್ಲಿ ಸುರಿದು ರೋಲರ್ ಓಡಿಸುವುದನ್ನು ಮರೆತ ರಸ್ತೆ. ಜಲ್ಲಿಯ ಮೇಲೆ ಹ್ಯಾಂಡಲ್ ಬಿಗಿಯಾಗಿ ಹಿಡಿದರೆ ಸೈಕಲ್ ಜಾರುತ್ತದೆ. ಸಡಿಲ ಹಿಡಿಯಬೇಕು, ಸೀಟಿನಿಂದ ಸ್ವಲ್ಪ ಏಳಬೇಕು, ಎತ್ತಿನಗಾಡಿಯ ಚಕ್ರ ಕೊರೆದ ಜಾಡು ಹುಡುಕಿ ಅದರೊಳಗೇ ಹೋಗಬೇಕು. ಇದನ್ನು ನನಗೆ ಯಾರೂ ಕಲಿಸಲಿಲ್ಲ, ತೊಡೆಗಳು ತಾವೇ ಕಲಿತವು. ಅಣ್ಣ ಹ್ಯಾಂಡಲ್ ಕುತ್ತಿಗೆ ಹಿಸುಕುವ ಹಾಗೆ ಹಿಡಿದು, ಒಂದೊಂದು ಕಲ್ಲಿಗೂ ಒಂದೊಂದು ಬೈಗುಳ ಹೇಳುತ್ತಾ ಹಿಂದೆ ಬಂದ.

ರಾಮೋಹಳ್ಳಿಯಲ್ಲಿ ಟೀ ಕುಡಿದೆವು, ಮೊದಲ ಸಹಿ ಆಯಿತು. ಅಣ್ಣ ಬೆಂಚಿನ ಮೇಲೆ ಕಾಲು ಚಾಚಿದವನು ಏಳಲೇ ಇಲ್ಲ.

"ನನ್ ಕೈಲಾಗಲ್ಲ ಕಣೇ. ಸೊಂಟ ಹೋಯ್ತು. ವಾಪಸ್ ಹೋಗೋಣ."

"ನೀನ್ ಇಲ್ಲೇ ಮಲಕ್ಕೋ. ನಾನ್ ಹೋಗ್ಬಿಟ್ಟು ಬರ್ತೀನಿ."

"ತಲೆ ಕೆಟ್ಟಿದ್ಯಾ? ಒಬ್ಳೇನಾ? ಅಮ್ಮ ನನ್ನ ಸಿಗಿದು ಹಾಕ್ತಾಳೆ."

"ನೀನು ಹೇಳಿದ್ರೆ ತಾನೇ? ಕಾರ್ಡ್ ಕೊಡು."

ಕೊಟ್ಟ. ಸ್ವಲ್ಪವೂ ಜಗ್ಗಾಡದೆ ಕೊಟ್ಟ. ಅಷ್ಟು ಸುಲಭವಾಗಿ ಕೊಟ್ಟದ್ದನ್ನು ಹೇಗೆ ವಾಪಸ್ಸು ಕಿತ್ತುಕೊಂಡ ಎನ್ನುವುದೇ ನನಗೆ ಇವತ್ತಿಗೂ ಉರಿ.

ಅಲ್ಲಿಂದ ಮುಂದಿನ ದಾರಿಯನ್ನು ನಾನು ಯಾರಿಗೂ ಸರಿಯಾಗಿ ಹೇಳಿಯೇ ಇಲ್ಲ, ಹೇಳುವ ಹಕ್ಕು ಅಣ್ಣನ ಪಾಲಾಗಿತ್ತಲ್ಲ. ಮಂಚನಬೆಲೆಯ ಹತ್ತಿರ ರಸ್ತೆ ಇಳಿಯುತ್ತಾ ಹೋಗಿ ಅರ್ಕಾವತಿಯ ಕಣಿವೆ ತೆರೆದುಕೊಳ್ಳುತ್ತದೆ. ಮೊಣಕಾಲುದ್ದದ ನೀರು, ತಳದ ಮರಳು ಕಾಣುವಷ್ಟು ತಿಳಿ. ಸೈಕಲ್ ಹೆಗಲಿಗೆ ಹಾಕಿ ದಾಟಿದೆ. ಆಚೆ ದಡದಲ್ಲಿ ಹೊಲದ ಬದುವಿಗೆ ಒರಗಿದ ವೀರಗಲ್ಲುಗಳು. ಒಂದರ ಮೇಲೆ ಯಾರೋ ಹುರುಳಿ ಒಣಗಿಸಿದ್ದರು. ಹಳ್ಳಿಗಳು ಹಳೆಯವು, ಪ್ರತಿಯೊಂದಕ್ಕೂ ಒಂದು ಮುರಿದ ಕಲ್ಲಿನ ಬಾಗಿಲು, ಅದರೊಳಗಿಂದ ಕುರಿಮಂದೆ. ಪ್ರತಿ ಹಳ್ಳಿಯಲ್ಲೂ ಜನ ಎದ್ದು ನಿಂತು ಕೇಳಿದರು, "ಯಾರವ್ವಾ ನೀನು? ಒಬ್ಳೇ ಬಂದಿದ್ದೀಯಾ?" ಪ್ರತಿ ಹಳ್ಳಿಯಲ್ಲೂ ನಾನು ಬೆಲ್ ಹೊಡೆದಷ್ಟೇ ಸಲೀಸಾಗಿ ಹೇಳಿದೆ, "ಅಣ್ಣ ಹಿಂದೆ ಬರ್ತಿದ್ದಾನೆ."

ಆಮೇಲೆ ತಿರುವಿನಲ್ಲಿ ದುರ್ಗ. ಅಷ್ಟು ದೊಡ್ಡ ಬಂಡೆಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅದರ ನೆತ್ತಿಯ ಕಡೆಗೆ ಇರುವೆ ಸಾಲಿನಂತೆ ಹತ್ತಿ ಹೋಗುವ ಕೋಟೆಗೋಡೆ. ಸೈಕಲ್ ನಿಲ್ಲಿಸಿ ಮೊದಲನೇ ಬಾಗಿಲವರೆಗೆ ಹತ್ತಿದೆ. ಹೊಸಿಲ ಮೇಲೆ ಕೂತು ಚಿತ್ರಾನ್ನ ತಿಂದೆ. ಕೆಳಗೆ ಕಣಿವೆ, ಹೊಳೆ, ನಾನು ಬಂದ ದಾರಿ ಬಿಳಿಯ ದಾರದಂತೆ. ಯಾರ ಮಗಳೂ ಅಲ್ಲ, ಯಾರ ತಂಗಿಯೂ ಅಲ್ಲ, ಸುಸ್ತಾದ ಒಂದು ಪ್ರಾಣಿ. ಆ ಅರ್ಧ ಗಂಟೆಯ ಸುಖಕ್ಕೆ ಸಮನಾದದ್ದು ಆಮೇಲೆ ನನ್ನ ಬದುಕಿನಲ್ಲಿ ಬಹಳ ಬಂದಿಲ್ಲ.

ಪೋಸ್ಟ್ ಆಫೀಸ್ ಎಂದರೆ ಪೋಸ್ಟ್‌ಮಾಸ್ಟರರ ಮನೆಯ ಜಗಲಿ. ಹಣೆ ತುಂಬ ವಿಭೂತಿ, ಮೂಗಿನ ತುದಿಗೆ ಕನ್ನಡಕ. ಭಾನುವಾರ ಮೊಹರು ಒತ್ತುವ ಹಾಗಿಲ್ಲ, ಕೈಬರಹದಲ್ಲಿ ಬರೆದು ಸಹಿ ಹಾಕ್ತೀನಿ ಅಂದರು. ಆಮೇಲೆ ಕೇಳಿದರು, "ಜೊತೇಲಿ ಯಾರಮ್ಮ?"

"ಅಣ್ಣ ಹಿಂದೆ ಬರ್ತಿದ್ದಾನೆ."

"ಬರ್ಲಿ ಬಿಡು. ಇಬ್ರಿಗೂ ಒಟ್ಗೇ ಬರ್ದರಾಯ್ತು" ಎಂದು ಮಜ್ಜಿಗೆ ತರಿಸಿದರು. ನಾನು ಕುಡಿದೆ. ಅವರು ನಾನು ಬಂದಿದ್ದ ಕೆರೆಯೇರಿಯ ಕಡೆ ನೋಡಿದರು. ಇನ್ನೊಂದು ಲೋಟ ಬಂತು. ಮತ್ತೆ ಕೆರೆಯೇರಿ ನೋಡಿದರು. ಯಾರೂ ಬರಲಿಲ್ಲ. ಅವರಿಗೆ ಅರ್ಥವಾಯಿತು, ಅರ್ಥವಾಯಿತೆಂದು ನನಗೂ ಗೊತ್ತಾಯಿತು. ಕನ್ನಡಕ ಏರಿಸಿ ಕಾರ್ಡಿನ ಮೇಲೆ ಬರೆದು ಮಡಚಿ ಕೊಟ್ಟರು. ಹೊತ್ತಾಗಿತ್ತು, ಜೇಬಿಗೆ ಹಾಕಿ ಹೊರಟುಬಿಟ್ಟೆ. ಬಿಚ್ಚಿ ನೋಡಲಿಲ್ಲ. ಪೆದ್ದಿ.

ರಾಮೋಹಳ್ಳಿಯಲ್ಲಿ ಅಣ್ಣ ಬೆಂಚಿನ ಮೇಲೆಯೇ ನಿದ್ದೆ ಹೊಡೆಯುತ್ತಿದ್ದ. ಎಬ್ಬಿಸಿಕೊಂಡು ಬಂದೆ.

ಮರುದಿನ ಅಂಕಲ್ ಮನೆಯಲ್ಲಿ ಕಾರ್ಡ್ ಬಿಚ್ಚಿ ಅವರೇ ಗಟ್ಟಿಯಾಗಿ ಓದಿದರು: "ಸದರಿ ಯುವತಿಯು ತಮ್ಮ ಅಣ್ಣನವರ ರಕ್ಷಣೆಯಲ್ಲಿ ಕ್ಷೇಮವಾಗಿ ಬಂದು ಹೋಗಿರುತ್ತಾರೆ." ಎದ್ದು ಅಣ್ಣನ ಕೈ ಕುಲುಕಿದರು. "ವೆಲ್ ಡನ್ ಯಂಗ್ ಮ್ಯಾನ್! ತಂಗೀನೂ ಕಟ್ಕೊಂಡು ಹೋಗ್ಬಿಟ್ಟು ಬಂದಿದೀಯಲ್ಲಯ್ಯಾ!"

"ಅಂಕಲ್, ಇವನು ಬರಲೇ ಇಲ್ಲ. ರಾಮೋಹಳ್ಳೀಲೇ ನಿಂತ. ನಾನೊಬ್ಳೇ ಹೋಗಿದ್ದು" ಎಂದೆ.

ಅವರು ಅಣ್ಣನ ಮುಖ ನೋಡಿದರು. ನಾನೂ ನೋಡಿದೆ. ಅವನು ಅಂಕಲ್ ಮನೆಯ ಮೊಸಾಯಿಕ್ ನೆಲ ನೋಡಿದ.

"ಹೇಳೋ" ಎಂದೆ.

"ಒಬ್ಳೇ ಹೋದ್ಲು ಅಂತ ಗೊತ್ತಾದ್ರೆ ಅಮ್ಮ..." ಎಂದು ಗೊಣಗಿದ. ಆಮೇಲೆ ತಲೆ ಎತ್ತಿ, "ನಾನೂ ಹೋಗಿದ್ದೆ ಅಂಕಲ್" ಎಂದ.

ಅಂಕಲ್ ನಕ್ಕರು. "ಬ್ರದರ್‌ಗೆ ಟೀಸ್ ಮಾಡ್ತೀಯಾ, ನಾಟಿ ಗರ್ಲ್!"

ಮನೆಗೆ ಬಂದು ಕೂಗಾಡಿದೆ. ಅಪ್ಪ ಪೇಪರ್ ಮಡಚಲಿಲ್ಲ. ಅಮ್ಮ ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಚ್ಚಿದಳು. "ಮೆತ್ತಗೆ! ಒಬ್ಳೇ ಹೋಗಿದ್ದೆ ಅಂತ ನೀನೇ ಊರಿಗೆಲ್ಲ ಸಾರ್ತೀಯಾ? ಆ ಪುಣ್ಯಾತ್ಮ ನಿನ್ನ ಮಾನ ಉಳಿಸಿ ಬರ್ದಿದ್ದಾನೆ."

ಮಾನ! ಕಣಿವೆ ಇಳಿದು ಹತ್ತಿದ್ದು, ಜಲ್ಲಿಯ ಮೇಲೆ ಮೈ ಜಜ್ಜಿಸಿಕೊಂಡದ್ದು ನಾನು. ಮಾನ ಉಳಿಯಿತಂತೆ, ಜಾಗ ಹೋಯಿತು. ಡಿಸೆಂಬರ್‌ನಲ್ಲಿ ಅಣ್ಣ ಹಂಪಿಗೆ ಹೋದ. ಹೊಸಪೇಟೆಗೆ ಇನ್ನೂ ದಾರಿಯಿರುವಾಗಲೇ ಸೈಕಲ್ಲನ್ನು ಲಾರಿಗೆ ಹಾಕಿಸಿಕೊಂಡನೆಂದು ತಂಡದ ಹುಡುಗನೊಬ್ಬನೇ ಆಮೇಲೆ ಹೇಳಿದ. ಫೋಟೋಗೆ ಮಾತ್ರ ಇಳಿದು ನಿಂತ.

ಕಾರ್ಡನ್ನು ಅಂಕಲ್ ಹತ್ತಿರ ಕೇಳಿ ಇಸಿದುಕೊಂಡೆ. "ನೆನಪಿಗಿರಲಿ" ಎಂದು ಸುಳ್ಳು ಹೇಳಿ.

ಎಂಟು-ಹತ್ತು ವರ್ಷ ಕಳೆಯಿತು. ಮದುವೆಯಾಗಿ ಬನಶಂಕರಿಗೆ ಬಂದೆ, ಕಾನ್ವೆಂಟ್ ಒಂದರಲ್ಲಿ ಟೀಚರ್ ಆದೆ. ಅಣ್ಣ ಕುಮಾರಸ್ವಾಮಿ ಲೇಔಟ್‌ನಲ್ಲಿ ಮನೆ ಕಟ್ಟಿದ. ಗೃಹಪ್ರವೇಶದ ದಿನ ಆ ಫೋಟೋ ಹಾಲ್‌ಗೆ ಏರಿತ್ತು. ಊಟದ ಎಲೆಯ ಮುಂದೆ ಯಾರಿಗೋ ಹೇಳುತ್ತಿದ್ದ, "ಸಾವನದುರ್ಗಕ್ಕೆ ಸೈಕಲ್ ಮೇಲೆ ಹೋದೋನು ಸಾರ್ ನಾನು. ಇವಳನ್ನೂ ಕರ್ಕೊಂಡು ಹೋಗಿದ್ದೆ, ಕೇಳಿ ಬೇಕಾದ್ರೆ." ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ. ಅರ್ಧ ತಿಂದ ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದೆ.

ಮುಂದಿನ ಭಾನುವಾರ ಅಪ್ಪನ ಅದೇ ಸೈಕಲ್ ಹೊರತೆಗೆದೆ. ಸೀರೆಯ ಬದಲು ಸಲ್ವಾರ್, ಕಾಲಿಗೆ ಅದೇ ರಬ್ಬರ್ ಬ್ಯಾಂಡ್. ಮಂಡಿ ಮೊದಲಿನಂತಿರಲಿಲ್ಲ. ಕೆಂಗೇರಿಯ ಹೊಳೆ ಆಗಲೇ ನೊರೆ ಕಾರುತ್ತಿತ್ತು, ಮೂಗು ಮುಚ್ಚಿಕೊಂಡು ದಾಟಿದೆ. ನಮ್ಮ ಬಡಾವಣೆಗಳ ಬಚ್ಚಲುನೀರೇ ಅದು. ಹೊಟ್ಟೆಯ ಸಿಟ್ಟು ಅಷ್ಟು ದೂರ ಪೆಡಲ್ ತುಳಿಸಿತು.

ಪೋಸ್ಟ್‌ಮಾಸ್ಟರು ರಿಟೈರ್ ಆಗಿದ್ದರು, ಆದರೂ ಅದೇ ಜಗಲಿ. ಕಾರ್ಡ್ ಮುಂದೆ ಹಿಡಿದೆ. "ಇದನ್ನ ಹೊಡೆದು ಹಾಕಿ, ನಿಜ ಬರ್ದುಕೊಡಿ."

ಓದಿ, ನನ್ನನ್ನು ನೋಡಿ, ಗುರುತು ಹಿಡಿದರು. "ನೀನೇ ಹೇಳ್ದೆಯಲ್ಲಮ್ಮ, ಅಣ್ಣ ಬರ್ತಿದ್ದಾನೆ ಅಂತ."

"ಬಂದನಾ?"

"ಇಲ್ಲ."

"ನೀವು ಕಣ್ಣಾರೆ ನೋಡಿದ್ರಿ, ಇಲ್ಲ ಅಂತ ಗೊತ್ತಿತ್ತು. ಯಾಕೆ ಬರೆದ್ರಿ?"

"ನಮ್ಮ ಮನೆ ಹುಡುಗಿ ಆಗಿದ್ರೂ ಹಂಗೇ ಬರೀತಿದ್ದೆ ಕಣವ್ವ. ನಿನ್ನ ಒಳ್ಳೇದಕ್ಕೇ."

"ಆ ಒಳ್ಳೇದರಿಂದ ನನ್ನ ಜಾಗ ಹೋಯ್ತು ತಾತ."

ಒಳಗಿನಿಂದ ಮಜ್ಜಿಗೆ ಬಂತು. ಪೆನ್ನು ತೆರೆದರು. ಬರೆಯುವ ಮುನ್ನ, ಅಭ್ಯಾಸಬಲ, ಕೆರೆಯೇರಿಯ ಕಡೆ ನೋಡಿ ಕೇಳಿದರು, "ಯಜಮಾನ್ರು ಬಂದಿಲ್ವಾ?"

ನನ್ನ ನಾಲಿಗೆ ಆಗಲೇ ಎದ್ದು ನಿಂತಿತ್ತು. "ಹಿಂದೆ ಬರ್ತಿ..." ಎನ್ನುವಷ್ಟರಲ್ಲಿ ಹಲ್ಲು ಕಚ್ಚಿದೆ. ಮಜ್ಜಿಗೆಯ ಲೋಟ ಕೆಳಗಿಟ್ಟೆ.

"ನನ್ನ ಹಿಂದೆ ಯಾರೂ ಬರ್ತಿಲ್ಲ."

ಹಳೆಯ ಸಾಲನ್ನು ಅಡ್ಡಗೆರೆ ಎಳೆದು ಹೊಡೆದು ಹಾಕಿದರು. ಕೆಳಗೆ ಬರೆದರು: "ಈಕೆ ಆ ದಿನವೂ ಒಬ್ಬರೇ ಬಂದಿದ್ದರು. ಇಂದೂ ಒಬ್ಬರೇ."

ವಾಪಸ್ಸು ಬರುವಾಗ ನೆಟ್ಟಗೆ ಅಣ್ಣನ ಮನೆಗೆ ಹೋದೆ. ಅತ್ತಿಗೆ ನನ್ನ ಧೂಳು ಮೈ ನೋಡಿ ಗಾಬರಿಯಾದರು. ಕಾರ್ಡನ್ನು ಹಂಪಿಯ ಫೋಟೋದ ಫ್ರೇಮಿನ ಮೂಲೆಗೆ ಸಿಕ್ಕಿಸಿದೆ, ಎಲ್ಲರಿಗೂ ಓದಲು ಬರುವ ಹಾಗೆ. ಅಣ್ಣ ಸೋಫಾದಿಂದ ಏಳಲಿಲ್ಲ. "ಇನ್ನೂ ಅದೇ ಹಿಡ್ಕೊಂಡಿದೀಯಾ? ಎಷ್ಟ್ ವರ್ಷ ಆಯ್ತು ಬಿಡೇ" ಎಂದ.

ಬಿಡಲಿಲ್ಲ. ತಿಂಗಳುಗಳು ಕಳೆದು ಗೌರಿಹಬ್ಬಕ್ಕೆ ಬಾಗಿನ ಇಸಿದುಕೊಳ್ಳಲು ಹೋದಾಗ ಮೊದಲು ಗೋಡೆ ನೋಡಿದೆ. ಕಾರ್ಡ್ ಇರಲಿಲ್ಲ. ಫೋಟೋವೂ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಸುಣ್ಣ ಬೆಳ್ಳಗೆ ಚೌಕವಾಗಿ ಕಾಣುತ್ತಿತ್ತು, ಮೇಲೆ ಮೊಳೆ ಮಾತ್ರ. ಅಣ್ಣ ಸಾರಿ ಅನ್ನಲಿಲ್ಲ, ಅವತ್ತೂ, ಆಮೇಲೂ. ನಾನು ಆ ಚೌಕದ ಎದುರಿನ ಕುರ್ಚಿಯನ್ನೇ ಆರಿಸಿ ಕೂತೆ, ಕಾಫಿ ಕುಡಿದು ಮುಗಿಸುವವರೆಗೂ ಅದನ್ನೇ ನೋಡಿದೆ. ಅವನೂ ಬೇರೆ ಕಡೆ ನೋಡಲಾರದೆ ಅದನ್ನೇ ನೋಡಿದ.